ವಿಷ ಕರಗಿಸುವ ಮಣ್ಣಿಗೂ ಹಸಿವಾಗಬೇಕು

ಮಲೆನಾಡಿನ ತೋಟಗಳಲ್ಲಿ ಕೀಟನಾಶಕ ಸಿಂಪಡಿಸುವುದಕ್ಕೆ ಇಂದಿಗೂ ‘ಔಷಧಿ ಹೊಡೆಯುವುದು’ ಎಂದೇ ಹೆಸರು. ಸಿದ್ದಾಪುರ ತಾಲ್ಲೂಕಿನ ಮನ್ಮನೆಯ ಸೀಮೆಯಿರಲಿ, ಶಿರಸಿ, ಯಲ್ಲಾಪುರದ ಕಣಿವೆಗಳಿರಲಿ, ಹೊಡೆದ ಔಷಧಿಯಲ್ಲಿ ಎಲೆಗೂ ಗೊನೆಗೂ ಅಂಟಿಕೊಳ್ಳುವುದು ಒಂದು ಪಾಲು ಮಾತ್ರ. ಉಳಿದದ್ದು ನೆಲಕ್ಕೆ ಬೀಳುತ್ತದೆ. ಅಂಟಿಕೊಂಡದ್ದರಲ್ಲೂ ಸಾಕಷ್ಟನ್ನು ಮಳೆ ತೊಳೆದು ಅದೇ ನೆಲಕ್ಕೆ ಇಳಿಸುತ್ತದೆ. ಬೇರುಹುಳಕ್ಕೆ ಹಾಕುವ ಕ್ಲೋರ್‌ಪೈರಿಫಾಸ್ ಅಂತೂ ನೇರವಾಗಿ ಬುಡದ ಮಣ್ಣಿಗೇ ಸೇರುತ್ತದೆ. ಮಂಗನ ಕಾಯಿಲೆಯ ಸೀಮೆಯಾದ ಇಲ್ಲಿ ಕಾಡಿನ ನೆಲವೂ ಇದರಿಂದ ಹೊರತಲ್ಲ. ಮಂಗ ಸತ್ತ ಸ್ಥಳದ ಸುತ್ತ 50 ಅಡಿ ವ್ಯಾಪ್ತಿಯಲ್ಲಿ ಉಣ್ಣೆ ನಾಶಕ್ಕಾಗಿ ಮೆಲಾಥಿಯಾನ್ ಪುಡಿ ಎರಚುವುದು ಆರೋಗ್ಯ ಇಲಾಖೆಯ ರೂಢಿಯ ಕ್ರಮ.

ಹೀಗೆ ನೆಲ ಸೇರಿದ ವಿಷ ಮುಂದೇನಾಗುತ್ತದೆ? ‘ಮಣ್ಣು ಎಲ್ಲವನ್ನೂ ಅರಗಿಸಿಕೊಳ್ಳುತ್ತದೆ’ ಎಂಬುದು ಎಲ್ಲರ ಬಾಯಲ್ಲಿರುವ ಸಿದ್ಧ ಉತ್ತರ. ಈ ನಂಬಿಕೆ ಪೂರ್ತಿ ಸುಳ್ಳಲ್ಲ. ಒಂದು ಚಿಟಿಕೆ ಮಣ್ಣಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿವೆ. ಮನುಷ್ಯ ಕಾರ್ಖಾನೆಯಲ್ಲಿ ತಯಾರಿಸಿದ, ನಿಸರ್ಗದಲ್ಲಿ ಹಿಂದೆಂದೂ ಇರದಿದ್ದ ರಾಸಾಯನಿಕಗಳನ್ನೂ ಒಡೆದು ತಿನ್ನುವ ಶಕ್ತಿ ಅವುಗಳಲ್ಲಿ ಕೆಲವಕ್ಕೆ ಉಂಟು. ಆದರೆ ಆ ಶಕ್ತಿ ಇದ್ದ ಮಾತ್ರಕ್ಕೆ ಅದು ಕೆಲಸ ಮಾಡುತ್ತದೆ ಎಂದೇನಿಲ್ಲ. ಬ್ಯಾಕ್ಟೀರಿಯಾದ ಒಳಗಿರುವ ವಂಶವಾಹಿಗಳು ಯಾವಾಗ ಎಚ್ಚೆತ್ತುಕೊಳ್ಳಬೇಕು, ಯಾವಾಗ ಸುಮ್ಮನಿರಬೇಕು ಎಂಬುದಕ್ಕೆ ಕಟ್ಟುನಿಟ್ಟಾದ ನಿಯಂತ್ರಣವಿದೆ. ಈ ನಿಯಂತ್ರಣದ ಒಳಗುಟ್ಟು ತಿಳಿದರೆ ಮಣ್ಣಿನ ಮೇಲಿಟ್ಟ ಭರವಸೆ ಎಷ್ಟರಮಟ್ಟಿಗೆ ಸರಿ, ಎಲ್ಲಿ ತಪ್ಪು ಎಂಬುದೂ ತಿಳಿಯುತ್ತದೆ.

ಹೊಟ್ಟೆಪಾಡಿನ ಲೆಕ್ಕ

ಬ್ಯಾಕ್ಟೀರಿಯಾ ಕೀಟನಾಶಕವನ್ನು ಒಡೆಯುವುದು ಪರಿಸರ ಶುದ್ಧಿಯ ಉದ್ದೇಶದಿಂದಲ್ಲ, ಹೊಟ್ಟೆಪಾಡಿಗಾಗಿ. ಯಾವ ಜೀವಿಯೇ ಆಗಲಿ, ಬೆಳೆಯಲು ಇಂಗಾಲ, ಸಾರಜನಕ, ರಂಜಕ, ಗಂಧಕಗಳು ಬೇಕು. ಬಹುಪಾಲು ಕೀಟನಾಶಕ, ಕಳೆನಾಶಕಗಳ ಅಣುಗಳಲ್ಲಿ ಇಂಗಾಲದ ಜೊತೆಗೆ ಈ ಉಳಿದ ಮೂರರಲ್ಲಿ ಒಂದಾದರೂ ಅಡಗಿದೆ. ಅಣುವನ್ನು ಒಡೆದರೆ ಅದು ಕೈಗೆ ಸಿಗುತ್ತದೆ.

ಆದರೆ ಒಡೆಯಲು ಕಿಣ್ವಗಳು ಬೇಕು. ಒಂದೊಂದು ಕಿಣ್ವ ತಯಾರಿಸಲೂ ಶಕ್ತಿ ಖರ್ಚಾಗುತ್ತದೆ. ವಿಷವೇ ಇಲ್ಲದಾಗ, ಅಥವಾ ಅದಕ್ಕಿಂತ ಸುಲಭದ ಆಹಾರ ಎದುರಿಗಿದ್ದಾಗ ಆ ಕಿಣ್ವಗಳನ್ನು ತಯಾರಿಸುತ್ತ ಕುಳಿತ ಬ್ಯಾಕ್ಟೀರಿಯಾ ನೆರೆಹೊರೆಯ ಬ್ಯಾಕ್ಟೀರಿಯಾಗಳೊಂದಿಗಿನ ಪೈಪೋಟಿಯಲ್ಲಿ ಹಿಂದೆ ಬೀಳುತ್ತದೆ. ಹಾಗಾಗಿ ಅಗತ್ಯ ಬಿದ್ದಾಗ ಮಾತ್ರ ತೆರೆಯುವ ವ್ಯವಸ್ಥೆಯೊಂದು ಜೀವವಿಕಾಸದ ಹಾದಿಯಲ್ಲಿ ರೂಪುಗೊಂಡಿದೆ.

ಏನಿದು ಓಪೆರಾನ್?

ಕೆರೆಯ ತೂಬು ಎತ್ತಿದರೆ ಕಾಲುವೆಯುದ್ದಕ್ಕೂ ಇರುವ ಗದ್ದೆಗಳಿಗೆ ಸಾಲಾಗಿ ನೀರು ಹರಿಯುತ್ತದೆ. ಪ್ರತಿ ಗದ್ದೆಗೂ ಬೇರೆ ಬೇರೆ ತೂಬು ಬೇಕಿಲ್ಲ. ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲೂ ಇಂಥದೇ ಏರ್ಪಾಡಿದೆ. ಒಂದೇ ಕೆಲಸಕ್ಕೆ ಬೇಕಾದ ಹಲವು ವಂಶವಾಹಿಗಳು ಒಂದರ ಪಕ್ಕ ಒಂದು ಜೋಡಿಸಿಕೊಂಡಿರುತ್ತವೆ. ಅವೆಲ್ಲಕ್ಕೂ ಸೇರಿ ಆರಂಭದಲ್ಲಿ ಒಂದೇ ತೂಬು. ಈ ಸಾಲಿಗೆ ಓಪೆರಾನ್ ಎಂದು ಹೆಸರು. ತೂಬನ್ನು ಎತ್ತುವ ಅಥವಾ ಇಳಿಸುವ ಕೆಲಸ ನಿಯಂತ್ರಕ ಪ್ರೋಟೀನುಗಳದ್ದು. ಜೀವಕೋಶದೊಳಗೆ ಯಾವುದೋ ಒಂದು ನಿರ್ದಿಷ್ಟ ರಾಸಾಯನಿಕ ಕಾಣಿಸಿಕೊಂಡರೆ ನಿಯಂತ್ರಕ ಪ್ರೋಟೀನು ಅದನ್ನು ಹಿಡಿದುಕೊಂಡು ಆಕಾರ ಬದಲಿಸುತ್ತದೆ. ಆಗ ತೂಬು ತೆರೆಯುತ್ತದೆ.

ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯ ಫ್ರಾನ್ಸ್ವಾ ಜಾಕೋಬ್ ಮತ್ತು ಜಾಕ್ ಮೊನೊ 1961ರಲ್ಲಿ ಈ ವ್ಯವಸ್ಥೆಯನ್ನು ವಿವರಿಸಿದರು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಬ್ಯಾಕ್ಟೀರಿಯಾ ಹೇಗೆ ಬಳಸಿಕೊಳ್ಳುತ್ತದೆ ಎಂಬುದು ಅವರ ಅಧ್ಯಯನದ ವಿಷಯವಾಗಿತ್ತು. 1965ರಲ್ಲಿ ಆಂಡ್ರೆ ಲ್ವಾಫ್ ಜೊತೆ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು. ಹಾಲಿನ ಸಕ್ಕರೆಗೆ ಅನ್ವಯವಾದ ನಿಯಮವೇ ಕೀಟನಾಶಕಕ್ಕೂ ಅನ್ವಯವಾಗುತ್ತದೆ ಎಂಬುದು ಮುಂದಿನ ದಶಕಗಳಲ್ಲಿ ಒಂದೊಂದಾಗಿ ಸ್ಪಷ್ಟವಾಯಿತು.

ಎಲ್ಲ ತೂಬುಗಳೂ ಒಂದೇ ಬಗೆಯವಲ್ಲ. ಹಳೆಯ ತಲೆಮಾರಿನವರು ‘ಗೆಮಾಕ್ಸಿನ್ ಪುಡಿ’ ಎಂದು ಕರೆಯುತ್ತಿದ್ದ ಬಿಎಚ್‌ಸಿಯನ್ನೇ ತೆಗೆದುಕೊಳ್ಳಬಹುದು. 1997ರಲ್ಲಿ ಭಾರತದಲ್ಲಿ ನಿಷೇಧಗೊಂಡ ಈ ಪುಡಿಯನ್ನು ಒಡೆಯುವ ಸ್ಫಿಂಗೋಬಿಯಂ ಎಂಬ ಬ್ಯಾಕ್ಟೀರಿಯಾ ತಳಿಗಳು ಜಪಾನಿನಲ್ಲೂ ಭಾರತದ ಕಬ್ಬಿನ ಗದ್ದೆಯ ಮಣ್ಣಿನಲ್ಲೂ ಸಿಕ್ಕಿವೆ. ಜಪಾನಿನ ತಳಿಯಲ್ಲಿ ಒಡೆಯುವ ಕೆಲಸದ ಮೊದಲ ಹಂತಗಳ ವಂಶವಾಹಿಗಳು ಸದಾ ತೆರೆದೇ ಇರುತ್ತವೆ. ಕೊನೆಯ ಹಂತದವು ಮಾತ್ರ ನಿಯಂತ್ರಕ ಪ್ರೋಟೀನಿನ ಅಪ್ಪಣೆಗೆ ಕಾಯುತ್ತವೆ. ವಿಷ ಸದಾ ಕಾಲ ಇರುವ ನೆಲದಲ್ಲಿ ಬಾಗಿಲು ಮುಚ್ಚಿ ತೆರೆಯುವ ತಾಪತ್ರಯವೇ ಬೇಡ ಎಂದು ಜೀವಿ ತೀರ್ಮಾನಿಸಿದಂತೆ ಇದು ಕಾಣುತ್ತದೆ.

ಧಾರವಾಡದಿಂದ ಮುಂಬೈಗೆ

ಈ ಸಂಶೋಧನೆಯ ಒಂದು ಪ್ರಮುಖ ಎಳೆ ಕರ್ನಾಟಕದಲ್ಲೇ ಇದೆ. ಯಲ್ಲಾಪುರದಿಂದ ಬಹಳ ದೂರವೇನಲ್ಲದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಜೀವರಸಾಯನ ವಿಭಾಗದಲ್ಲಿ ಎಚ್.ಜೆಡ್. ನಿನ್ನೇಕರ್ ಅವರ ತಂಡ, ಕಾರ್ಬರಿಲ್ ಎಂಬ ಕೀಟನಾಶಕವನ್ನು ತಿಂದು ಬೆಳೆಯುವ ಮೈಕ್ರೋಕಾಕಸ್ ಜಾತಿಯ ಬ್ಯಾಕ್ಟೀರಿಯಾವನ್ನು ಗುರುತಿಸಿ 2001ರಲ್ಲಿ ಪ್ರಕಟಿಸಿತು. ಇದೇ ಪ್ರಯೋಗಾಲಯ 2008ರಲ್ಲಿ ಸೈಪರ್‌ಮೆಥ್ರಿನ್ ಒಡೆಯುವ ಇನ್ನೊಂದು ಮೈಕ್ರೋಕಾಕಸ್ ತಳಿಯ ವಿವರವನ್ನೂ ಹೊರತಂದಿತು.

ಕಾರ್ಬರಿಲ್‌ನ ಹೆಸರು ಹೆಚ್ಚಿನವರಿಗೆ ಗೊತ್ತಿರಲಿಕ್ಕಿಲ್ಲ. ‘ಸೆವಿನ್’ ಎಂದರೆ ನೆನಪಾದೀತು. 1984ರ ಡಿಸೆಂಬರ್ 2 ಮತ್ತು 3ರ ನಡುವಿನ ರಾತ್ರಿ ಭೋಪಾಲದಲ್ಲಿ ಸಾವಿರಾರು ಜನರ ಪ್ರಾಣ ತೆಗೆದ ಯೂನಿಯನ್ ಕಾರ್ಬೈಡ್ ಕಾರ್ಖಾನೆ ತಯಾರಿಸುತ್ತಿದ್ದುದು ಇದನ್ನೇ. ಅಂದು ಸೋರಿದ ಮೀಥೈಲ್ ಐಸೋಸಯನೇಟ್ ಅನಿಲ ಅದರ ಕಚ್ಚಾ ಸಾಮಗ್ರಿ. ಭೋಪಾಲದ ನಂತರವೂ ದೇಶದಲ್ಲಿ ಕಾರ್ಬರಿಲ್ ಬಳಕೆ ಮುಂದುವರಿಯಿತು. 2018ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ ಕೀಟನಾಶಕಗಳ ಪಟ್ಟಿಯಲ್ಲಿ ಅದೂ ಸೇರಿತು.

ಕಾರ್ಬರಿಲ್ ಒಡೆಯುವ ವಂಶವಾಹಿಗಳ ನಕ್ಷೆಯನ್ನು ಬಿಡಿಸುವ ಕೆಲಸ ಐಐಟಿ ಬಾಂಬೆಯಲ್ಲಿ ನಡೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆ ಮಾಡಿ ಅಲ್ಲಿಗೆ ಹೋದ ಪ್ರಶಾಂತ್ ಫಳೆ ಅವರ ತಂಡ, ಮಣ್ಣಿನಿಂದ ಬೇರ್ಪಡಿಸಿದ ಸ್ಯೂಡೋಮೊನಾಸ್ ಜಾತಿಯ ಸಿ4, ಸಿ5, ಸಿ6 ಎಂಬ ಮೂರು ತಳಿಗಳನ್ನು 2005ರಲ್ಲಿ ವರದಿ ಮಾಡಿತು. ಸಿ5ಪಿಪಿ ಎಂಬ ತಳಿಯ ಪೂರ್ಣ ವಂಶವಾಹಿ ವಿಶ್ಲೇಷಣೆ 2016ರಲ್ಲಿ ಪ್ರಕಟವಾಯಿತು.

ಅಲ್ಲಿ ಕಂಡದ್ದು ಮೂರು ಹಂತದ ವ್ಯವಸ್ಥೆ. ಮೊದಲ ಸಾಲಿನ ವಂಶವಾಹಿಗಳು ಕಾರ್ಬರಿಲನ್ನು ಸ್ಯಾಲಿಸಿಲಿಕ್ ಆಮ್ಲದವರೆಗೆ ತರುತ್ತವೆ. ಇದು ಆಸ್ಪಿರಿನ್ ಮಾತ್ರೆಯ ಮೂಲವಸ್ತುವಿನ ಸಂಬಂಧಿ. ಎರಡನೆಯ ಸಾಲು ಅದನ್ನು ಜೆಂಟಿಸಿಕ್ ಆಮ್ಲವಾಗಿ ಬದಲಿಸುತ್ತದೆ. ಮೂರನೆಯ ಸಾಲು ಅದನ್ನೂ ಒಡೆದು ಜೀವಕೋಶದ ಮಾಮೂಲಿ ಶಕ್ತಿ ಉತ್ಪಾದನಾ ಚಕ್ರಕ್ಕೆ ಸೇರಿಸುತ್ತದೆ. ಅಲ್ಲಿಗೆ ಭೋಪಾಲದ ವಿಷ ಬ್ಯಾಕ್ಟೀರಿಯಾದ ಊಟವಾಗಿ ಮುಗಿಯಿತು. ಮೊದಲ ಸಾಲಿನ ವಂಶವಾಹಿಗಳ ರಚನೆ ಈ ಬ್ಯಾಕ್ಟೀರಿಯಾದ ಉಳಿದ ಡಿಎನ್‌ಎಗಿಂತ ಭಿನ್ನವಾಗಿತ್ತು. ಅಂದರೆ ಅವು ಬೇರೆ ಯಾವುದೋ ಬ್ಯಾಕ್ಟೀರಿಯಾದಿಂದ ಎರವಲು ಬಂದಿರಬೇಕೆಂಬ ತೀರ್ಮಾನಕ್ಕೆ ಸಂಶೋಧಕರು ಬಂದರು.

ಇಲ್ಲೊಂದು ಅಪಾಯವೂ ಇದೆ. ಕಾರ್ಬರಿಲ್ ಒಡೆದ ಕೂಡಲೇ ಹುಟ್ಟುವ 1-ನ್ಯಾಫ್ತಾಲ್ ಎಂಬ ವಸ್ತು ಬ್ಯಾಕ್ಟೀರಿಯಾಕ್ಕೆ ಕಾರ್ಬರಿಲ್‌ಗಿಂತಲೂ ಹೆಚ್ಚು ವಿಷಕಾರಿ. ತಿನ್ನಲು ಹೋದವನೇ ಸಾಯುವ ಪರಿಸ್ಥಿತಿ. ಸಿ5ಪಿಪಿ ಕಂಡುಕೊಂಡ ಉಪಾಯ ಕುತೂಹಲಕರ. ಮೊದಲ ಏಟು ಹಾಕುವ ಕಿಣ್ವವನ್ನು ಅದು ಜೀವಕೋಶದ ಒಳಮನೆಗೆ ಬಿಟ್ಟುಕೊಂಡಿಲ್ಲ. ಹೊರಪೊರೆ ಮತ್ತು ಒಳಪೊರೆಗಳ ನಡುವಿನ ಜಗುಲಿಯಂಥ ಜಾಗದಲ್ಲಿ ಇರಿಸಿಕೊಂಡಿದೆ. ಕಾರ್ಬರಿಲ್ ಅಲ್ಲೇ ಒಡೆಯುತ್ತದೆ. ನ್ಯಾಫ್ತಾಲ್ ಸ್ವಲ್ಪ ಸ್ವಲ್ಪವಾಗಿ ಒಳಗೆ ಬರುತ್ತದೆ. ಬಂದಷ್ಟನ್ನು ಮುಂದಿನ ಕಿಣ್ವಗಳು ವಿಲೇವಾರಿ ಮಾಡುತ್ತವೆ. 2018ರಲ್ಲಿ ಈ ವಿವರ ಪ್ರಕಟವಾಯಿತು.

ಹಾಗಾದರೆ ಮುಂದಿನ ಕಿಣ್ವಗಳು ಸರಿಯಾದ ಹೊತ್ತಿಗೆ ಸಿದ್ಧವಾಗುವುದು ಹೇಗೆ? ಚೀನಾದ ಸಂಶೋಧಕರು ಇನ್ನೊಂದು ಸ್ಯೂಡೋಮೊನಾಸ್ ತಳಿಯಲ್ಲಿ ಇದಕ್ಕೆ ಉತ್ತರ ಕಂಡುಕೊಂಡು 2021ರಲ್ಲಿ ಪ್ರಕಟಿಸಿದರು. ಎಂಸಿಬಿಜಿ ಎಂಬ ನಿಯಂತ್ರಕ ಪ್ರೋಟೀನು 1-ನ್ಯಾಫ್ತಾಲನ್ನೇ ಸೂಚನೆಯಾಗಿ ಬಳಸಿಕೊಂಡು ತೂಬು ತೆರೆಯುತ್ತದೆ. ಅಪಾಯದ ವಸ್ತುವೇ ಅಪಾಯದ ಗಂಟೆಯೂ ಆಗಿದೆ.

ಇದರಿಂದ ತಿಳಿಯುವ ಪಾಠ ಸರಳ. ಮೊದಲ ಕಿಣ್ವ ಇದ್ದು ನಂತರದವು ಇಲ್ಲದಿದ್ದರೆ, ಅಥವಾ ಇದ್ದೂ ತೂಬು ತೆರೆಯದಿದ್ದರೆ, ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಕೀಟನಾಶಕ ಮಾಯವಾಯಿತು ಎಂದು ಪರೀಕ್ಷೆ ಹೇಳಬಹುದು. ಅದರ ಜಾಗದಲ್ಲಿ ಇನ್ನೊಂದು ವಿಷ ಕುಳಿತಿರಬಹುದು.

ಸಿಹಿ ಬಿಟ್ಟು ಕಹಿ ತಿನ್ನುವ ಜೀವಿ

ಬ್ಯಾಕ್ಟೀರಿಯಾದ ಮುಂದೆ ಸುಲಭದ ಊಟವೂ ಕಷ್ಟದ ಊಟವೂ ಒಟ್ಟಿಗೆ ಇದ್ದರೆ ಅದು ಸುಲಭದ್ದನ್ನೇ ಮೊದಲು ಮುಗಿಸುತ್ತದೆ. ಅಲ್ಲಿಯವರೆಗೆ ಕಷ್ಟದ ಊಟದ ತೂಬು ಮುಚ್ಚಿರುತ್ತದೆ. ಸಾವಯವ ಆಮ್ಲ, ಗ್ಲೂಕೋಸ್ ಇರುವಷ್ಟು ಹೊತ್ತು ಸಾಮಾನ್ಯ ಸ್ಯೂಡೋಮೊನಾಸ್‌ಗಳು ಕೀಟನಾಶಕಗಳ ಗಟ್ಟಿ ಉಂಗುರದಂಥ ಅಣುಗಳತ್ತ ತಿರುಗಿಯೂ ನೋಡುವುದಿಲ್ಲ.

ಇದಕ್ಕೆ ಅಪವಾದವಾದ ಒಂದು ತಳಿ ಸಿಕ್ಕಿದ್ದು ಬೆಂಗಳೂರಿನಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಸಿ.ಎಸ್. ವೈದ್ಯನಾಥನ್ ಅವರ ಪ್ರಯೋಗಾಲಯ 1994ರಲ್ಲಿ ಪ್ರಕಟಿಸಿದ ಈ ತಳಿಗೆ ಸಿಎಸ್‌ವಿ86 ಎಂದು ಹೆಸರು. ಗ್ಲೂಕೋಸನ್ನೂ ನ್ಯಾಫ್ತಲೀನಿನಂಥ ವಸ್ತುವನ್ನೂ ಒಟ್ಟಿಗೆ ಇಟ್ಟರೆ ಇದು ಮೊದಲು ನ್ಯಾಫ್ತಲೀನನ್ನು ತಿನ್ನುತ್ತದೆ, ಗ್ಲೂಕೋಸನ್ನು ಆಮೇಲೆ ಮುಟ್ಟುತ್ತದೆ ಎಂಬುದನ್ನು 2006ರಲ್ಲಿ ಫಳೆ ಅವರ ತಂಡ ತೋರಿಸಿತು. ಸಕ್ಕರೆ ಬಳಸುವ ವಂಶವಾಹಿಗಳೇ ಇಲ್ಲಿ ಅದುಮಿಡಲ್ಪಡುತ್ತವೆ. ಲೋಕದ ರೂಢಿಗೆ ವಿರುದ್ಧವಾದ ಈ ಗುಣದಿಂದಾಗಿಯೇ ಮಾಲಿನ್ಯ ನಿವಾರಣೆಯ ಸಂಶೋಧನೆಯಲ್ಲಿ ಈ ತಳಿಗೆ ಬೆಲೆ. ಈಚಿನ ವರ್ಷಗಳಲ್ಲಿ ಇದನ್ನು ಸ್ಯೂಡೋಮೊನಾಸ್ ಭಾರತಿಕಾ ಎಂಬ ಪ್ರತ್ಯೇಕ ಪ್ರಭೇದವೆಂದೇ ಗುರುತಿಸಲಾಗಿದೆ.

ಶಿರಸಿ, ಸಿದ್ದಾಪುರದ ತೋಟಿಗರಿಗೆ ಈ ವಿಷಯ ಹತ್ತಿರದ್ದು. ಸೊಪ್ಪಿನ ಬೆಟ್ಟದ ಸೊಪ್ಪು, ದರಕು, ಕೊಟ್ಟಿಗೆ ಗೊಬ್ಬರ ತೋಟಕ್ಕೆ ಹೊರುವುದು ಇಲ್ಲಿಯ ಶತಮಾನಗಳ ಪದ್ಧತಿ. ಸಾವಯವ ಅಂಶ ಹೆಚ್ಚಿದ ಮಣ್ಣಿನಲ್ಲಿ ಬ್ಯಾಕ್ಟೀರಿಯಾಗಳ ಸಂಖ್ಯೆಯೂ ವೈವಿಧ್ಯವೂ ಹೆಚ್ಚು. ವಿಷ ಒಡೆಯಬಲ್ಲ ಕೈಗಳೂ ಅಷ್ಟೇ ಹೆಚ್ಚು. ಆದರೆ ಹಸಿ ಗೊಬ್ಬರ ಬಿದ್ದ ಹೊಸತರಲ್ಲಿ ಸುಲಭದ ಊಟ ಹೇರಳವಾಗಿರುವುದರಿಂದ ಆ ಕೈಗಳು ಕೆಲಕಾಲ ಬೇರೆ ಕೆಲಸದಲ್ಲಿ ತೊಡಗಿರಬಹುದು. ಗೊಬ್ಬರ ಹಾಕಿದ್ದೇವೆ, ವಿಷ ತಾನಾಗಿ ಹೋಗುತ್ತದೆ ಎಂಬ ಲೆಕ್ಕ ಅಷ್ಟು ನೇರವಾಗಿಲ್ಲ.

ಗಂಧಕದ ಹಸಿವು ಮತ್ತು ಎಂಡೋಸಲ್ಫಾನ್

ಕರಾವಳಿಯ ಜನ ಮರೆಯಲಾಗದ ಹೆಸರು ಎಂಡೋಸಲ್ಫಾನ್. ಕಾಸರಗೋಡಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಸುರಿದ ಈ ವಿಷದ ಪರಿಣಾಮವನ್ನು ಅಲ್ಲಿಯ ಕುಟುಂಬಗಳು ಇಂದಿಗೂ ಅನುಭವಿಸುತ್ತಿವೆ. ಕರ್ನಾಟಕದ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳ ಗೇರು ನೆಡುತೋಪುಗಳ ಸುತ್ತಲಿನ ಊರುಗಳಲ್ಲೂ ಸಂತ್ರಸ್ತರಿದ್ದಾರೆ. 2011ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ನಿಷೇಧಿಸಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಅದು ಸೇರಿತು. ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ವಿಧಿಸಿತು.

ಮಣ್ಣು ಎಂಡೋಸಲ್ಫಾನನ್ನು ಎದುರಿಸುವುದು ಎರಡು ದಾರಿಯಲ್ಲಿ. ನೀರಿನ ಜೊತೆ ಸೇರಿ ಒಡೆದರೆ ಕಡಿಮೆ ವಿಷದ ಡಯಾಲ್ ಸಿಗುತ್ತದೆ. ಆಮ್ಲಜನಕ ಸೇರಿಕೊಂಡರೆ ಎಂಡೋಸಲ್ಫಾನ್ ಸಲ್ಫೇಟ್ ಆಗುತ್ತದೆ. ಇದರ ವಿಷ ಮೂಲ ವಸ್ತುವಿನಷ್ಟೇ ತೀವ್ರ, ಬಾಳಿಕೆಯೋ ಮೂಲಕ್ಕಿಂತ ಹೆಚ್ಚು. ಮಣ್ಣಿನ ಸೂಕ್ಷ್ಮಜೀವಿಗಳಲ್ಲಿ ಬಹಳಷ್ಟು ಹಿಡಿಯುವುದು ಈ ಎರಡನೆಯ ದಾರಿಯನ್ನೇ. ಮಣ್ಣು ತಿಂದಿತು ಎಂದು ಸಮಾಧಾನಪಡುವ ಮುನ್ನ ತಿಂದು ಏನನ್ನು ಉಳಿಸಿತು ಎಂದು ಕೇಳಬೇಕಾದದ್ದು ಇದಕ್ಕಾಗಿ.

ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯ ವಿಜ್ಞಾನಿಗಳು ಬೇರೊಂದು ಜಾಣ್ಮೆಯಿಂದ ಹುಡುಕಾಟ ನಡೆಸಿದರು. ಎಂಡೋಸಲ್ಫಾನ್ ಅಣುವಿನಲ್ಲಿ ಗಂಧಕವಿದೆ. ಬೇರೆ ಯಾವ ಗಂಧಕವೂ ಇಲ್ಲದ ದ್ರಾವಣದಲ್ಲಿ ಮಣ್ಣಿನ ಬ್ಯಾಕ್ಟೀರಿಯಾಗಳನ್ನು ಬೆಳೆಸಿದರೆ ಬದುಕಲಿಕ್ಕಾಗಿಯಾದರೂ ಅವು ಎಂಡೋಸಲ್ಫಾನನ್ನು ಒಡೆಯಲೇಬೇಕು. ಹೀಗೆ ಸಿಕ್ಕಿದ ಮೈಕೋಬ್ಯಾಕ್ಟೀರಿಯಂ ತಳಿಯೊಂದರ ವಂಶವಾಹಿಯನ್ನು 2002ರಲ್ಲಿ ಅವರು ಬೇರ್ಪಡಿಸಿದರು. ಆದರೆ ದ್ರಾವಣಕ್ಕೆ ಮಾಮೂಲಿ ಸಲ್ಫೇಟ್ ಸೇರಿಸಿದರೆ ಆ ಚಟುವಟಿಕೆ ನಿಂತುಹೋಗುತ್ತಿತ್ತು. ಗಂಧಕ ಬೇರೆಡೆ ಸಿಗುವಾಗ ಕಷ್ಟಪಡುವುದೇಕೆ? ತೋಟದ ಮಣ್ಣಿನಲ್ಲಿ ಸಲ್ಫೇಟ್ ಇಲ್ಲದೆ ಇರುವುದು ಅಪರೂಪ. ಪ್ರಯೋಗಾಲಯದಲ್ಲಿ ಗೆದ್ದ ಜೀವಿ ಗೇರು ತೋಪಿನಲ್ಲಿ ಸುಮ್ಮನೆ ಕುಳಿತುಬಿಡುವ ಸಾಧ್ಯತೆಯೇ ಹೆಚ್ಚು.

ಯೂರಿಯಾ ಚೀಲ, ರಂಜಕದ ಗೊಬ್ಬರ

ಘಟ್ಟದ ಪೂರ್ವಕ್ಕಿರುವ ಹಾವೇರಿ, ದಾವಣಗೆರೆ ಸೀಮೆಯ ಮೆಕ್ಕೆಜೋಳದ ಹೊಲಗಳಲ್ಲಿ ಬಳಕೆಯಲ್ಲಿರುವ ಕಳೆನಾಶಕ ಅಟ್ರಾಜಿನ್. ಇದರ ಅಣುವಿನಲ್ಲಿ ಸಾರಜನಕ ಸಮೃದ್ಧವಾಗಿದೆ. ಅಮೆರಿಕದಲ್ಲಿ 1995ರಲ್ಲಿ ವರದಿಯಾದ ಎಡಿಪಿ ಎಂಬ ಸ್ಯೂಡೋಮೊನಾಸ್ ತಳಿ ಅಟ್ರಾಜಿನನ್ನು ಆರು ಹಂತಗಳಲ್ಲಿ ಒಡೆಯುತ್ತದೆ. ಮೊದಲ ಮೂರು ಹಂತದ ವಂಶವಾಹಿಗಳಿಗೆ ತೂಬೇ ಇಲ್ಲ, ಸದಾ ಚಾಲ್ತಿ. ಆ ಹಂತಗಳ ಕೊನೆಗೆ ಸಯನ್ಯೂರಿಕ್ ಆಮ್ಲ ಉಳಿಯುತ್ತದೆ. ಅದರಿಂದ ಮುಂದಿನ ಮೂರು ಹಂತಗಳಿಗೆ ಎಟಿಜೆಡ್‌ಆರ್ ಎಂಬ ನಿಯಂತ್ರಕ ಪ್ರೋಟೀನಿನ ಕಾವಲು. ಅದು ತೂಬು ತೆರೆಯಲು ಎರಡು ಷರತ್ತುಗಳಿವೆ: ಸಯನ್ಯೂರಿಕ್ ಆಮ್ಲ ಇರಬೇಕು, ಜೊತೆಗೆ ಜೀವಕೋಶಕ್ಕೆ ಸಾರಜನಕದ ಕೊರತೆಯೂ ಇರಬೇಕು. ಹೊಲದಲ್ಲಿ ಸಾರಜನಕದ ಗೊಬ್ಬರ ಹೇರಳವಾಗಿದ್ದರೆ ಎರಡನೆಯ ಷರತ್ತು ಪೂರೈಸುವುದು ಕಷ್ಟ.

ಅಡಿಕೆ ತೋಟಿಗರಿಗೆ ಪರಿಚಿತವಾದ ಕಳೆನಾಶಕ ಗ್ಲೈಫೋಸೇಟ್. ಇದನ್ನು ಕೀಟ ನಿಯಂತ್ರಣದ ಪರವಾನಗಿ ಪಡೆದ ನಿರ್ವಾಹಕರ ಮೂಲಕವೇ ಬಳಸಬೇಕೆಂದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿತು. ಗ್ಲೈಫೋಸೇಟ್ ಅಣುವಿನಲ್ಲಿ ಇಂಗಾಲಕ್ಕೆ ರಂಜಕ ನೇರವಾಗಿ ಅಂಟಿಕೊಂಡಿದೆ. ಈ ಬಿಗಿ ಬಂಧವನ್ನು ಕತ್ತರಿಸಬಲ್ಲ ಕಿಣ್ವಗಳ ಗುಂಪು ಕೆಲವು ಬ್ಯಾಕ್ಟೀರಿಯಾಗಳಲ್ಲಿದೆ. ಅದರ ವಂಶವಾಹಿಗಳು ತೆರೆದುಕೊಳ್ಳುವುದು ಸಾಮಾನ್ಯವಾಗಿ ರಂಜಕದ ಬರ ಬಂದಾಗ. ಗ್ಲೈಫೋಸೇಟನ್ನು ಮಣ್ಣು ಬೇರೊಂದು ದಾರಿಯಲ್ಲೂ ಒಡೆಯುತ್ತದೆ. ಆದರೆ ಆ ದಾರಿಯಲ್ಲಿ ಆಂಪಾ ಎಂಬ ಇನ್ನೊಂದು ವಸ್ತು ಹಿಂದೆ ಉಳಿಯುತ್ತದೆ.

ಕಾರ್ಬರಿಲ್‌ಗೆ ಇಂಗಾಲದ ಹಸಿವು, ಅಟ್ರಾಜಿನ್‌ಗೆ ಸಾರಜನಕದ ಹಸಿವು, ಎಂಡೋಸಲ್ಫಾನ್‌ಗೆ ಗಂಧಕದ ಹಸಿವು, ಗ್ಲೈಫೋಸೇಟ್‌ಗೆ ರಂಜಕದ ಹಸಿವು. ವಿಷ ಬೇರೆ ಬೇರೆಯಾದರೂ ನಿಯಮ ಒಂದೇ.

ಹಸಿವು ಅತಿಯಾದರೆ?

ಇದಕ್ಕೆ ತದ್ವಿರುದ್ಧವಾದ ಸಮಸ್ಯೆಯೂ ಇದೆ. ಒಂದೇ ಔಷಧಿಯನ್ನು ಒಂದೇ ನೆಲಕ್ಕೆ ಮತ್ತೆ ಮತ್ತೆ ಹಾಕಿದರೆ ಅದನ್ನು ತಿನ್ನಬಲ್ಲ ಬ್ಯಾಕ್ಟೀರಿಯಾಗಳ ಸಂತತಿ ಹೆಚ್ಚುತ್ತದೆ. ಕೀಟ ಸಾಯುವ ಮೊದಲೇ ಔಷಧಿ ಖಾಲಿಯಾಗುತ್ತದೆ. ಫಿಲಿಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಗದ್ದೆಗಳಲ್ಲಿ ಡಯಾಜಿನಾನ್ ಕೀಟನಾಶಕ ಪದೇ ಪದೇ ಬಿದ್ದ ಮಣ್ಣು ಅದನ್ನು ಬಹುಬೇಗ ಒಡೆಯತೊಡಗಿದ್ದನ್ನು 1970ರ ದಶಕದ ಆರಂಭದಲ್ಲಿ ದಾಖಲಿಸಿದವರು ಭಾರತದ ಎನ್. ಸೇತುನಾಥನ್. ಅದೇ ಗದ್ದೆಗಳಿಂದ ಅವರು ಬೇರ್ಪಡಿಸಿದ ಫ್ಲೇವೋಬ್ಯಾಕ್ಟೀರಿಯಂ 1973ರಲ್ಲಿ ವರದಿಯಾಯಿತು. ಅವರು ಮುಂದೆ ಕಟಕ್‌ನ ಕೇಂದ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದರು.

ಆ ಬ್ಯಾಕ್ಟೀರಿಯಾದಲ್ಲಿದ್ದ ಓಪಿಡಿ ಎಂಬ ವಂಶವಾಹಿ ಇಂದು ಜಗತ್ಪ್ರಸಿದ್ಧ. ಇದು ಕೂತಿರುವುದು ಪ್ಲಾಸ್ಮಿಡ್ ಎಂಬ ಪ್ರತ್ಯೇಕ ಡಿಎನ್‌ಎ ಬಳೆಯ ಮೇಲೆ. ದೂರದ ನಾಡಿನ, ಬೇರೆ ಜಾತಿಯ ಬ್ಯಾಕ್ಟೀರಿಯಾಗಳ ಬೇರೆ ಬೇರೆ ಪ್ಲಾಸ್ಮಿಡ್‌ಗಳಲ್ಲಿ ಹೆಚ್ಚು ಕಡಿಮೆ ಇದೇ ವಂಶವಾಹಿ ಸಿಕ್ಕಿದೆ. ಹೈದರಾಬಾದ್ ವಿಶ್ವವಿದ್ಯಾಲಯದ ದಯಾನಂದ ಸಿದ್ದವಟ್ಟಂ ಅವರ ತಂಡ ಈ ವಂಶವಾಹಿ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುವ ಬಗೆಯನ್ನು ವಿವರಿಸಿದೆ. ಆರ್ಗನೋಫಾಸ್ಫೇಟ್ ಕೀಟನಾಶಕಗಳು ಬಳಕೆಗೆ ಬಂದದ್ದು 1940ರ ದಶಕದಲ್ಲಿ. ಕೆಲವೇ ದಶಕಗಳಲ್ಲಿ ಅವುಗಳನ್ನು ಒಡೆಯುವ ವಿದ್ಯೆ ಮಣ್ಣಿನಲ್ಲಿ ಕೈಯಿಂದ ಕೈಗೆ ಹರಡಿತು.

ಪರಿಸರಕ್ಕೆ ಇದು ಒಳ್ಳೆಯ ಸುದ್ದಿಯಾಗಬಹುದು. ರೈತನ ಪಾಲಿಗೆ ಹಾಗಲ್ಲ. ಔಷಧಿ ಕೆಲಸ ಮಾಡಲಿಲ್ಲವೆಂದು ಪ್ರಮಾಣ ಹೆಚ್ಚಿಸಿದರೆ ಬ್ಯಾಕ್ಟೀರಿಯಾಗಳಿಗೆ ಇನ್ನಷ್ಟು ಊಟ ಬಡಿಸಿದಂತಾಗುತ್ತದೆ. ದುಡ್ಡೂ ಹೋಯಿತು, ಹುಳವೂ ಉಳಿಯಿತು.

ಹುಳಿ ಮಣ್ಣಿನ ಸಮಸ್ಯೆ

ಮಲೆನಾಡಿನ ಮಣ್ಣಿಗೆ ಇನ್ನೊಂದು ವಿಶೇಷವಿದೆ. ಭಾರಿ ಮಳೆಗೆ ಕ್ಷಾರಾಂಶ ತೊಳೆದುಹೋದ ಇಲ್ಲಿಯ ಜಂಬಿಟ್ಟಿಗೆ ನೆಲ ಹುಳಿ ಮಣ್ಣು. ಬೇರುಹುಳಕ್ಕೆ ಹಾಕುವ ಕ್ಲೋರ್‌ಪೈರಿಫಾಸ್ ಹುಳಿ ಮಣ್ಣಿನಲ್ಲಿ ನಿಧಾನವಾಗಿಯೂ, ತಟಸ್ಥ ಅಥವಾ ಕ್ಷಾರ ಮಣ್ಣಿನಲ್ಲಿ ಬೇಗನೆಯೂ ಒಡೆಯುತ್ತದೆ ಎಂದು ಬ್ರಿಟನ್ನಿನ ಮಣ್ಣುಗಳ ಮೇಲೆ ನಡೆದ, 2003ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತ್ತು. ಒಡೆದಾಗ ಹುಟ್ಟುವ ಟಿಸಿಪಿ ಎಂಬ ವಸ್ತು ಬ್ಯಾಕ್ಟೀರಿಯಾಗಳನ್ನೇ ಕೊಲ್ಲುವಂಥದ್ದು. ಆದ್ದರಿಂದ ಇದರ ಬೆನ್ನು ಹತ್ತುವ ಜೀವಿಗಳೂ ಕಡಿಮೆ. ತೋಟಕ್ಕೆ ಸುಣ್ಣ ಹಾಕಿ ಹುಳಿ ತಗ್ಗಿಸುವ ಹಿರಿಯರ ಪದ್ಧತಿಗೆ ಹೀಗೊಂದು ಹೆಚ್ಚುವರಿ ಸಮರ್ಥನೆ ಸಿಕ್ಕಂತಾಗಿದೆ.

ತಾಮ್ರಕ್ಕೆ ಹಸಿವೇ ಇಲ್ಲ

ಇಷ್ಟೆಲ್ಲ ಹೇಳಿದ ಮೇಲೂ ಈ ಸೀಮೆಯ ತೋಟಗಳಿಗೆ ಅತಿ ಹೆಚ್ಚು ಬೀಳುವ ಔಷಧಿಯ ಮಾತು ಉಳಿದೇ ಇದೆ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಕ್ರಮವನ್ನು 1910ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿ ರೂಢಿಗೆ ತಂದವರು ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಶೇ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಒಂದು ಕಿಲೋ ಮೈಲುತುತ್ತದಲ್ಲಿ ತಾಮ್ರ ಸುಮಾರು 250 ಗ್ರಾಂ. ಕೊನೆಗೌಡರು ಮರವೇರಿ ಪ್ರತಿ ಮಳೆಗಾಲ ಎರಡು ಮೂರು ಬಾರಿ ಹೊಡೆಯುವ ಈ ದ್ರಾವಣವೇ ತೋಟ ಉಳಿಸಿದ್ದು ಎಂಬುದರಲ್ಲಿ ಅನುಮಾನವಿಲ್ಲ.

ಆದರೆ ತಾಮ್ರ ಒಂದು ಮೂಲಧಾತು. ಕಾರ್ಬರಿಲನ್ನು ಒಡೆದಂತೆ ಅದನ್ನು ಒಡೆಯಲು ಬರುವುದಿಲ್ಲ. ಯಾವ ಬ್ಯಾಕ್ಟೀರಿಯಾದ ಯಾವ ವಂಶವಾಹಿಯೂ ಅದನ್ನು ಇಲ್ಲವಾಗಿಸಲಾರದು. ಬ್ಯಾಕ್ಟೀರಿಯಾಗಳಲ್ಲಿ ತಾಮ್ರಕ್ಕೂ ನಿಯಂತ್ರಕ ಪ್ರೋಟೀನುಗಳಿವೆ. ತಾಮ್ರ ಹೆಚ್ಚಾದುದನ್ನು ಅವು ಗುರುತಿಸುತ್ತವೆ, ತೂಬು ತೆರೆಯುತ್ತವೆ, ಕಿಣ್ವಗಳೂ ತಯಾರಾಗುತ್ತವೆ. ಆ ಕಿಣ್ವಗಳ ಕೆಲಸ ಮಾತ್ರ ತಾಮ್ರವನ್ನು ಜೀವಕೋಶದಿಂದ ಹೊರಕ್ಕೆ, ಅಂದರೆ ಮತ್ತೆ ಮಣ್ಣಿಗೇ ಪಂಪು ಮಾಡುವುದು. ಈ ಸಾಮರ್ಥ್ಯವಿಲ್ಲದ ಸೂಕ್ಷ್ಮಜೀವಿಗಳು ತಾಮ್ರ ಹೆಚ್ಚಾದ ಮಣ್ಣಿನಲ್ಲಿ ಸೊರಗುತ್ತವೆ. ಅವುಗಳಲ್ಲಿ ಬೇರೆ ಕೀಟನಾಶಕಗಳನ್ನು ಒಡೆಯಬಲ್ಲವೂ ಇರಬಹುದು. ಹುಳಿ ಮಣ್ಣಿನಲ್ಲಿ ತಾಮ್ರ ಸುಲಭವಾಗಿ ಕರಗುವುದರಿಂದ ತೊಂದರೆ ಇನ್ನಷ್ಟು ಹೆಚ್ಚು. ‘ಮಣ್ಣು ಅರಗಿಸಿಕೊಳ್ಳುತ್ತದೆ’ ಎಂಬ ಮಾತು ಪೂರ್ತಿಯಾಗಿ ಸೋಲುವುದು ಇಲ್ಲಿ.

ಬ್ಯಾಕ್ಟೀರಿಯಾ ಚೆಲ್ಲಿದರೆ ಸಾಲದೇ?

ವಿಷ ತಿನ್ನುವ ಬ್ಯಾಕ್ಟೀರಿಯಾವನ್ನು ಬೆಳೆಸಿ ತೋಟಕ್ಕೆ ಚೆಲ್ಲಿದರಾಗದೇ ಎಂಬ ಪ್ರಶ್ನೆ ಸಹಜ. ಪ್ರಯೋಗಾಲಯದ ಗಾಜಿನ ಪಾತ್ರೆಯಲ್ಲಿ ಒಂದೇ ಊಟ ಕೊಟ್ಟು ಬೆಳೆಸಿದ ತಳಿ, ನೂರಾರು ಊಟ ಮತ್ತು ಸಾವಿರಾರು ಪ್ರತಿಸ್ಪರ್ಧಿಗಳಿರುವ ಮಣ್ಣಿಗೆ ಬಿದ್ದಾಗ ಅದೇ ರೀತಿ ವರ್ತಿಸುವುದಿಲ್ಲ. ತೂಬನ್ನು ಶಾಶ್ವತವಾಗಿ ತೆರೆದಿಡುವಂತೆ ವಂಶವಾಹಿಗಳನ್ನು ತಿದ್ದಬಹುದು. ಹಾಗೆ ತಿದ್ದಿದ ಜೀವಿ ಕುಲಾಂತರಿಯಾಗುತ್ತದೆ. ಪರಿಸರ ಸಂರಕ್ಷಣಾ ಕಾಯ್ದೆಯಡಿ 1989ರಲ್ಲಿ ಬಂದ ನಿಯಮಗಳ ಪ್ರಕಾರ ಅಂಥ ಜೀವಿಯನ್ನು ಸರ್ಕಾರದ ಅನುಮತಿಯಿಲ್ಲದೆ ಹೊರಬಿಡುವಂತಿಲ್ಲ.

ಆಸ್ಟ್ರೇಲಿಯಾದಲ್ಲಿ ಮಧ್ಯದ ಮಾರ್ಗವೊಂದನ್ನು ಹಿಡಿಯಲಾಯಿತು. ಬ್ಯಾಕ್ಟೀರಿಯಾವನ್ನು ಬಿಟ್ಟು ಅದು ತಯಾರಿಸುವ ಕಿಣ್ವವನ್ನಷ್ಟೇ ಪುಡಿಯಾಗಿಸಿ, ಕುರಿಗಳನ್ನು ಅದ್ದುವ ಕೀಟನಾಶಕದ ತೊಟ್ಟಿಯ ನೀರಿಗೆ ಸೇರಿಸುವ ‘ಲ್ಯಾಂಡ್‌ಗಾರ್ಡ್’ ಎಂಬ ಉತ್ಪನ್ನ ಬಂತು. ಕಿಣ್ವಕ್ಕೆ ಹಸಿವಿಲ್ಲ, ತೂಬಿಲ್ಲ. ಆದರೆ ತೊಟ್ಟಿಯ ನೀರಿಗೆ ಒಪ್ಪುವ ಈ ವಿಧಾನವನ್ನು ಎಕರೆಗಟ್ಟಲೆ ತೋಟದ ಮಣ್ಣಿಗೆ ಅನ್ವಯಿಸುವುದು ಸುಲಭವಲ್ಲ.

ಕೊನೆಗೆ ಉಳಿಯುವುದು ಹಾಕುವ ಕೈಯ ವಿವೇಚನೆ. ಅಡಿಕೆಯ ಸುಳಿ ತಿಗಣೆಗೆ ಶಿಫಾರಸಾಗಿದ್ದ ಫೋರೇಟ್ ಹರಳು 2020ರ ಅಂತ್ಯಕ್ಕೆ ನಿಷೇಧಗೊಂಡಿದೆ. ಹಳೆಯ ಡಬ್ಬಿ ಅಟ್ಟದ ಮೇಲಿದ್ದರೆ ಅದನ್ನು ಬಳಸದಿರುವುದು ಕಾನೂನಿಗೂ ಹಿತ, ಕೆಳಗಿನ ಹಳ್ಳಕ್ಕೂ ಹಿತ. ಒಂದೇ ಔಷಧಿಯನ್ನು ವರ್ಷ ವರ್ಷ ಒಂದೇ ಬುಡಕ್ಕೆ ಸುರಿಯದಿರುವುದು, ಮಣ್ಣು ಪರೀಕ್ಷೆ ಮಾಡಿಸುವಾಗ ಹುಳಿಯ ಜೊತೆ ತಾಮ್ರದ ಪ್ರಮಾಣವನ್ನೂ ಕೇಳಿ ತಿಳಿಯುವುದು ರೈತನ ಕೈಯಲ್ಲೇ ಇರುವ ಕ್ರಮಗಳು. ಹಿಂದೆ ಕರಡದ ಹುಲ್ಲಿನಿಂದ, ಈಗ ಪ್ಲಾಸ್ಟಿಕ್‌ನಿಂದ ಗೊನೆಗಳಿಗೆ ಕಟ್ಟುವ ಕೊಟ್ಟೆ, ತಾಮ್ರದ ಸಿಂಪಡಣೆಯನ್ನು ಕಡಿಮೆ ಮಾಡುವ ದಾರಿಗಳಲ್ಲೊಂದು. ಕೂಲಿ ಹೆಚ್ಚು ಬೀಳುತ್ತದೆ ಎಂಬುದು ನಿಜ. ಅಘನಾಶಿನಿ, ಬೇಡ್ತಿಗಳಿಗೆ ನೀರು ಬಸಿಯುವ ಈ ಕಣಿವೆಗಳಲ್ಲಿ, ಕೊಟ್ಟೆ ಕಟ್ಟಿದ ಗೊನೆಯಿಂದ ನೆಲಕ್ಕೆ ಇಳಿಯದೆ ಉಳಿದ ತಾಮ್ರವನ್ನು ಮಾತ್ರ ಯಾರೂ ಮುಂದೆ ತೆಗೆಯಬೇಕಾಗಿಲ್ಲ.